ನೌಕರಿ, ಮನೆ, ಜತೆಗೆ ಸಾಲಿಸಿಟರ್ ಪರೀಕ್ಷೆ: ಇಂಗ್ಲೆಂಡಿನಲ್ಲಿ ಓದಿದವರು ಹೇಳುವುದೇನು?

ಕೇಳಿದವರು, ರೀಡಿಂಗ್‌ನಿಂದ

ಮೈಸೂರಿನಲ್ಲಿ ಐದು ವರ್ಷದ ಕಾನೂನು ಪದವಿ ಮುಗಿಸಿ, ಸನ್ನದು (ವಕೀಲಿಕೆಯ ಪರವಾನಗಿ) ಪಡೆದು, ಹಿರಿಯ ವಕೀಲರೊಬ್ಬರ ಕೈಕೆಳಗೆ ಸಿವಿಲ್ ದಾವೆಗಳನ್ನು ನೋಡಿಕೊಳ್ಳುತ್ತಿದ್ದೆ. ಮದುವೆಯಾದ ಮೇಲೆ ಯಜಮಾನರ ಉದ್ಯೋಗದ ನಿಮಿತ್ತ ಇಂಗ್ಲೆಂಡಿನ ರೀಡಿಂಗ್ ಊರಿಗೆ ಬಂದೆ. ಈಗ ಶಾಲೆಯೊಂದರ ಕಚೇರಿಯಲ್ಲಿ ಕೆಲಸ. ಮಗಳು ಈ ವರ್ಷ ಶಾಲೆಗೆ ಸೇರಿದ್ದಾಳೆ. ಮತ್ತೆ ಕಾನೂನಿಗೆ ಮರಳಬೇಕೆಂಬ ಹಂಬಲ ಬಿಟ್ಟಿಲ್ಲ. ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ ಕೊಟ್ಟು ಅವರ ಕಾನೂನು ಕೆಲಸ ನಡೆಸುವ ಇಲ್ಲಿನ ವಕೀಲ) ಆಗಲು ಬರೆಯಬೇಕಾದ ಎಸ್‌ಕ್ಯೂಇ (ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಷನ್) ಪರೀಕ್ಷೆಗೆ ನೌಕರಿ ಬಿಡದೆ ಓದಲು ಆಗುತ್ತದೆಯೇ? ಊರಿನಲ್ಲಿ ಓದಿದ ಕಾನೂನು ಎಷ್ಟರ ಮಟ್ಟಿಗೆ ನೆರವಾಗುತ್ತದೆ? ಎರಡು ವರ್ಷದ ಕಾನೂನು ಕೆಲಸದ ಅನುಭವ ಬೇಕೆನ್ನುತ್ತಾರೆ, ಅದನ್ನು ಎಲ್ಲಿಂದ ತರುವುದು? ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಬರ್ಮಿಂಗ್‌ಹ್ಯಾಮ್‌ನಿಂದ, ಆಸ್ತಿ ವರ್ಗಾವಣೆ ವಿಭಾಗದಲ್ಲಿ ಕೆಲಸ ಮಾಡುತ್ತ ಅರ್ಹತೆ ಪಡೆದವರು

ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬೇರೆ ದೇಶದಲ್ಲಿ ವಕೀಲರಾಗಿ ಅರ್ಹತೆ ಪಡೆದವರಿಗೆ ಆ ಎರಡು ವರ್ಷದ ಅನುಭವ ಕಡ್ಡಾಯವಲ್ಲ. ಎಸ್‌ಕ್ಯೂಇಯ ಎರಡೂ ಹಂತಗಳನ್ನು ದಾಟಿ, ನಡತೆ ಮತ್ತು ಯೋಗ್ಯತೆಯ ಪರಿಶೀಲನೆ ಮುಗಿಸಿದರೆ ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆಯಾದ ಎಸ್‌ಆರ್‌ಎ ಹೆಸರು ದಾಖಲಿಸಿಕೊಳ್ಳುತ್ತದೆ. ಆದ್ದರಿಂದ ಪುಸ್ತಕ ಕೊಳ್ಳುವ ಮೊದಲು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಿಂದ ನಿಮ್ಮ ಸನ್ನದಿನ ಈಗಿನ ಸ್ಥಿತಿಯ ಬಗ್ಗೆ ಪತ್ರ ತರಿಸಿಕೊಳ್ಳಿ. ಅದನ್ನು ಎಸ್‌ಆರ್‌ಎಗೆ ತೋರಿಸಿ, ನಿಮ್ಮನ್ನು ಅರ್ಹ ವಕೀಲರೆಂದು ಪರಿಗಣಿಸುತ್ತಾರೆಯೇ ಎಂಬುದನ್ನು ಬರಹದಲ್ಲಿಯೇ ಕೇಳಿ ಪಡೆಯಿರಿ.

ನಾನು ಪದವಿ ಮುಗಿಸಿದ್ದರೂ ಸನ್ನದು ಪಡೆದಿರಲಿಲ್ಲ. ಹಾಗಾಗಿ ನನಗೆ ಅನುಭವವೂ ಬೇಕಾಯಿತು. 2021ರ ಸೆಪ್ಟೆಂಬರ್ 1ರಿಂದ ಎಸ್‌ಕ್ಯೂಇಯ ಹೊಸ ಪದ್ಧತಿ ಬಂದಾಗ ನಮ್ಮಂಥವರಿಗೆ ಆದ ನಿಜವಾದ ಉಪಕಾರ ಇದು. ಹಿಂದೆ ಒಂದು ಕಚೇರಿ ತರಬೇತಿ ಒಪ್ಪಂದ ಕೊಡದಿದ್ದರೆ ದಾರಿ ಅಲ್ಲಿಗೇ ಮುಚ್ಚುತ್ತಿತ್ತು. ಈಗ ನಾಲ್ಕು ಸಂಸ್ಥೆಗಳವರೆಗೆ ಸೇರಿಸಿ ಎರಡು ವರ್ಷ ತುಂಬಿಸಬಹುದು. ಪ್ಯಾರಾಲೀಗಲ್ (ವಕೀಲರ ಕಚೇರಿಯ ಕಾನೂನು ಸಹಾಯಕರ) ಕೆಲಸ, ಕಾನೂನು ನೆರವು ಕೇಂದ್ರ, ವಿಶ್ವವಿದ್ಯಾಲಯದ ಕಾನೂನು ಕ್ಲಿನಿಕ್, ಸಂಬಳವಿಲ್ಲದ ಸೇವೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅರೆಕಾಲಿಕವಾದರೆ ಅದೇ ಪ್ರಮಾಣದಲ್ಲಿ ಅವಧಿ ಹಿಗ್ಗುತ್ತದೆ: ವಾರಕ್ಕೆ ಮೂರು ದಿನ ದುಡಿಯುವವರಿಗೆ ಮೂರು ವರ್ಷದ ಮೇಲೆ ನಾಲ್ಕು ತಿಂಗಳು ಹಿಡಿಯುತ್ತದೆ. ಆದರೆ ಆ ಅನುಭವವನ್ನು ಇಲ್ಲಿನ ಸಾಲಿಸಿಟರ್ ಒಬ್ಬರು, ಅಥವಾ ಕಚೇರಿಯ ನಿಯಮಪಾಲನಾ ಅಧಿಕಾರಿ ದೃಢೀಕರಿಸಬೇಕು. ದೃಢೀಕರಿಸಬೇಕಾದವರು ಕೆಲಸ ಬಿಟ್ಟು ಹೋದರೆ ಮತ್ತೆ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಪ್ರತಿ ಶುಕ್ರವಾರ ಆ ವಾರ ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಅವರ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. "ಕಡತ ನೋಡಿಕೊಂಡೆ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. "ಗುತ್ತಿಗೆ ಮನೆಯ ಹಕ್ಕಿನ ದಾಖಲೆ ಪರಿಶೀಲಿಸಿ, ನೆಲಬಾಡಿಗೆಯ ಷರತ್ತಿನ ಬಗ್ಗೆ ಮಾರುವವರ ಕಡೆಗೆ ಪ್ರಶ್ನೆ ಕಳಿಸಿದೆ" ಎಂದು ಬರೆಯಿರಿ.

ನಿಮಗೆ ಅನುಭವ ಕಡ್ಡಾಯವಲ್ಲದಿದ್ದರೂ ಕೆಲಸ ಕೊಡುವವರು ಇಲ್ಲಿನ ಅನುಭವವನ್ನು ಕೇಳಿಯೇ ಕೇಳುತ್ತಾರೆ. ಶಾಲೆಯ ರಜೆಗಳಲ್ಲಿ ಹತ್ತಿರದ ಸಲಹಾ ಕೇಂದ್ರದಲ್ಲಿ ಸ್ವಯಂಸೇವೆಗೆ ಹೆಸರು ಕೊಡಿ.

ಓದಿನ ಬಗ್ಗೆ ಒಂದು ಮುಖ್ಯ ವಿಷಯ. ಮೊದಲ ಹಂತದಲ್ಲಿ ಐದು ಆಯ್ಕೆಗಳಿಂದ ಸರಿಯುತ್ತರ ಆರಿಸುವ ಎರಡು ಪತ್ರಿಕೆಗಳಿವೆ. ಮೊದಲ ಸಲ ಬರೆಯುವವರು ಎರಡನ್ನೂ ಒಂದೇ ಪರೀಕ್ಷಾ ಅವಧಿಯಲ್ಲಿ ಬರೆಯಬೇಕು. ಒಂದನ್ನು ಜನವರಿಯಲ್ಲಿ, ಇನ್ನೊಂದನ್ನು ಜುಲೈನಲ್ಲಿ ಎಂದು ಹಂಚಿಕೊಳ್ಳಲು ಬಿಡುವುದಿಲ್ಲ. ಒಂದರಲ್ಲಿ ಉತ್ತೀರ್ಣರಾಗಿ ಇನ್ನೊಂದು ಕೈಕೊಟ್ಟರೆ ಮಾತ್ರ ಉಳಿದದ್ದನ್ನು ಆಮೇಲೆ ಬರೆಯಬಹುದು. ಅರೆಕಾಲಿಕವಾಗಿ ಓದುವವರು ಇದನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಹತ್ತಾರು ವಿಷಯಗಳನ್ನು ಒಟ್ಟಿಗೆ ನೆನಪಿನಲ್ಲಿ ಹಿಡಿದಿಡಬೇಕಾಗುತ್ತದೆ. ಜನವರಿಯಲ್ಲಿ ಓದಿದ ಅಪಕೃತ್ಯ (ಟಾರ್ಟ್) ಕಾನೂನು ನವೆಂಬರ್ ಹೊತ್ತಿಗೆ ಮಾಸಿರುತ್ತದೆ. ಮುಗಿಸಿದ ವಿಷಯದ ಪ್ರಶ್ನೆಗಳನ್ನು ವಾರಕ್ಕೊಮ್ಮೆ ಬಿಡಿಸುತ್ತಲೇ ಇರಿ. ಒಂದೊಂದು ಪತ್ರಿಕೆಗೂ 180 ಪ್ರಶ್ನೆ. 90 ಪ್ರಶ್ನೆಗಳ ಒಂದು ಕಂತಿಗೆ 2 ಗಂಟೆ 33 ನಿಮಿಷ, ಎಂದರೆ ಪ್ರಶ್ನೆಗೆ 102 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಲಂಡನ್‌ನಿಂದ, ಧಾರವಾಡದಲ್ಲಿ ವಕೀಲಿಕೆ ಮಾಡಿ ಇಲ್ಲಿ ಸಾಲಿಸಿಟರ್ ಆದವರು

ತಂಗಿ, ಊರಿನ ಕಾನೂನು ನೆರವಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಕಾಲೆಳೆಯುವುದೂ ಅದೇ. ನಮ್ಮ ಕಾಯ್ದೆಗಳ ಬೇರು ಇಂಗ್ಲೆಂಡಿನ ಕಾನೂನಿನಲ್ಲಿರುವುದರಿಂದ ಪ್ರಶ್ನೆ ಓದಿದ ಕೂಡಲೇ ಎಲ್ಲವೂ ಗೊತ್ತಿರುವಂತೆ ಕಾಣುತ್ತದೆ. ಐದು ಆಯ್ಕೆಗಳಲ್ಲಿ ಒಂದು ನಮ್ಮ ದೇಶದ ಉತ್ತರವನ್ನೇ ಹೋಲುತ್ತದೆ, ಕೈ ತಾನಾಗಿಯೇ ಅದರ ಮೇಲೆ ಹೋಗುತ್ತದೆ.

ಕರಾರಿನಲ್ಲಿ ಪ್ರತಿಫಲದ, ಎಂದರೆ ವಾಗ್ದಾನಕ್ಕೆ ಬದಲಾಗಿ ಕೊಡುವ ಹಣ, ಕೆಲಸ ಮುಂತಾದವುಗಳ ವಿಷಯ ನೋಡಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ವಾಗ್ದಾನ ಪಡೆದವನೇ ಪ್ರತಿಫಲ ಕೊಡಬೇಕೆಂದಿಲ್ಲ, ಬೇರೆ ಯಾರಾದರೂ ಕೊಟ್ಟಿದ್ದರೂ ಸರಿ. ಕೋರಿಕೆಯ ಮೇರೆಗೆ ಹಿಂದೆಯೇ ಮಾಡಿದ ಕೆಲಸವೂ ಪ್ರತಿಫಲವಾಗುತ್ತದೆ. ಇಲ್ಲಿ ಪ್ರತಿಫಲ ವಾಗ್ದಾನ ಪಡೆದವನಿಂದಲೇ ಬರಬೇಕು, ಹಿಂದೆ ಮಾಡಿ ಮುಗಿಸಿದ್ದು ಸಾಮಾನ್ಯವಾಗಿ ನಡೆಯುವುದಿಲ್ಲ. ಮೂರನೆಯವರ ಹಕ್ಕಿಗೆ 1999ರ ಪ್ರತ್ಯೇಕ ಕಾಯ್ದೆ ಇದೆ.

ಉಯಿಲಿನಲ್ಲಿಯೂ ಹಾಗೆಯೇ. ನಮ್ಮ ಉತ್ತರಾಧಿಕಾರ ಕಾಯ್ದೆಯ 63ನೆಯ ಕಲಮಿನಂತೆ ಇಬ್ಬರು ಸಾಕ್ಷಿಗಳು ಏಕಕಾಲಕ್ಕೆ ಹಾಜರಿರಬೇಕಾಗಿಲ್ಲ. ಇಲ್ಲಿ 1837ರ ಉಯಿಲು ಕಾಯ್ದೆಯ 9ನೆಯ ಕಲಮಿನಂತೆ ಉಯಿಲುಗಾರ ಸಹಿ ಹಾಕುವಾಗ, ಅಥವಾ ಇದು ತನ್ನ ಸಹಿ ಎಂದು ಒಪ್ಪಿಕೊಳ್ಳುವಾಗ, ಇಬ್ಬರೂ ಒಟ್ಟಿಗೆ ಎದುರಿಗಿರಬೇಕು. ಒಬ್ಬ ಸಾಕ್ಷಿ ಫೋನ್ ಬಂತೆಂದು ಹೊರಗೆ ಹೋದ ಎಂಬ ಒಂದು ಸಾಲನ್ನು ಪ್ರಶ್ನೆಯ ನಡುವೆ ಸೇರಿಸಿಬಿಟ್ಟರೆ ಉತ್ತರವೇ ಬದಲಾಗುತ್ತದೆ.

ಅಪರಾಧ ಕಾನೂನಿನಲ್ಲಿ ಅಂತರ ಇನ್ನೂ ದೊಡ್ಡದು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬುದು ನಮಗೆ ರಕ್ತಗತವಾಗಿದೆ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ. ಇಲ್ಲಿ ಅಂಥ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ದಬ್ಬಾಳಿಕೆಯಿಂದ ಪಡೆದದ್ದೇ, ನಂಬಲಾಗದ ಸನ್ನಿವೇಶದಲ್ಲಿ ಹೇಳಿದ್ದೇ ಎಂದು 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ 76ನೆಯ ಕಲಮಿನಡಿ ವಾದಿಸಬೇಕು. ಠಾಣೆಯಲ್ಲಿ ಮೌನವಾಗಿದ್ದು ಆಮೇಲೆ ವಿಚಾರಣೆಯಲ್ಲಿ ಹೊಸ ಸಂಗತಿ ಹೇಳಿದರೆ, 1994ರ ಕಾಯ್ದೆಯ 34ನೆಯ ಕಲಮಿನಂತೆ ಆ ಮೌನದಿಂದ ಆರೋಪಿಗೆ ಪ್ರತಿಕೂಲವಾದ ಊಹೆ ಮಾಡಲು ನ್ಯಾಯಾಲಯಕ್ಕೆ ಅವಕಾಶವಿದೆ. ಹಾಗಾಗಿ ಠಾಣೆಗೆ ಹೋಗುವ ಸಾಲಿಸಿಟರ್ ಕೊಡುವ ಸಲಹೆಗೆ ಇಲ್ಲಿ ಬಹಳ ತೂಕವಿದೆ.

ಭೂಮಿಯ ವಿಷಯದಲ್ಲಿ ಪಹಣಿ, ಖಾತೆ, ಋಣಭಾರ ಪತ್ರ, ತಾಯಿ ಪತ್ರಗಳ ಕಟ್ಟನ್ನು ಬದಿಗಿಟ್ಟು ಓದಿ. ನಮ್ಮ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗುವುದು ದಸ್ತಾವೇಜು. ಇಲ್ಲಿ ನೋಂದಣಿಯಾಗುವುದು ಹಕ್ಕೇ, ಅದಕ್ಕೆ ಸರ್ಕಾರದ ಭರವಸೆ ಇದೆ.

ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಊರಿನ ನಿಯಮ, ಬಲಪುಟದಲ್ಲಿ ಇಲ್ಲಿನ ನಿಯಮ ಬರೆಯುತ್ತ ಹೋಗಿ. ಇದನ್ನು ಯಾವ ತರಬೇತಿ ಸಂಸ್ಥೆಯೂ ಮಾಡಿಕೊಡುವುದಿಲ್ಲ, ನಿಮ್ಮ ಕೈಯಲ್ಲೇ ಆಗಬೇಕು. ಇದರಷ್ಟು ಉಪಯೋಗಕ್ಕೆ ಬಂದ ಪುಸ್ತಕ ನನ್ನ ಬಳಿ ಇನ್ನೊಂದಿಲ್ಲ.

ನಮ್ಮವರು ಕಡೆಗಣಿಸುವ ಇನ್ನೊಂದು ಭಾಗ ಸಾಲಿಸಿಟರ್ ಲೆಕ್ಕಪತ್ರ. ಕಕ್ಷಿದಾರರು 1,000 ಪೌಂಡ್ ಮುಂಗಡ ಕೊಟ್ಟರೆನ್ನಿ. ಬಿಲ್ ಕಳಿಸುವ ತನಕ ಅದು ಅವರ ಹಣ, ಕಕ್ಷಿದಾರರ ಖಾತೆಯಲ್ಲೇ ಇರಬೇಕು. ಕೆಲಸ ಮುಗಿದು 500 ಪೌಂಡ್ ಶುಲ್ಕ, ಅದರ ಮೇಲೆ ಶೇಕಡಾ 20ರ ವ್ಯಾಟ್ 100 ಪೌಂಡ್ ಸೇರಿಸಿ ಬಿಲ್ ಕೊಟ್ಟ ಮೇಲೆಯೇ 600 ಪೌಂಡ್ ಅನ್ನು ಕಚೇರಿಯ ಖಾತೆಗೆ ವರ್ಗಾಯಿಸಬಹುದು. ಉಳಿದ 400 ಅವರದ್ದೇ. ಇದರ ಖರ್ಚು ಯಾವ ಬದಿಗೆ, ಜಮಾ ಯಾವ ಬದಿಗೆ ಎಂದು ಕಾಗದದ ಮೇಲೆ ಗೆರೆ ಎಳೆದು ಬರೆದು ಬರೆದು ರೂಢಿಯಾಗಬೇಕು. ವಾಣಿಜ್ಯ ಓದದವರು ಇದಕ್ಕೆ ಹೆಚ್ಚು ದಿನ ಮೀಸಲಿಡಿ.

ಬೆಂಗಳೂರಿನಿಂದ, ಕಂಪನಿಯೊಂದರ ಕಾನೂನು ವಿಭಾಗದಲ್ಲಿರುವವರು

ಇದನ್ನು ಓದುತ್ತಿರುವ, ಇನ್ನೂ ಊರಿನಲ್ಲೇ ಇರುವವರಿಗಾಗಿ ಒಂದು ಮಾತು. ಮೊದಲ ಹಂತ ಬರೆಯಲು ವಿಮಾನ ಹತ್ತಬೇಕಾಗಿಲ್ಲ. ಅದು ಪಿಯರ್ಸನ್ ವಿಯುಇ ಎಂಬ ಪರೀಕ್ಷಾ ಸಂಸ್ಥೆಯ ಕೇಂದ್ರಗಳ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, ಭಾರತದಲ್ಲಿಯೂ ಬರೆಯಬಹುದು. ಎರಡನೆಯ ಹಂತದ ಮೌಖಿಕ ಭಾಗಕ್ಕೆ ಮಾತ್ರ ಬ್ರಿಟನ್‌ಗೆ ಹೋಗಲೇಬೇಕು. ಹೊರದೇಶದ ಕೆಲಸವೂ ಅರ್ಹ ಅನುಭವವಾಗುತ್ತದೆ, ಆದರೆ ದೃಢೀಕರಿಸುವವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ ಆಗಿರಬೇಕು. ನಮ್ಮ ಕಚೇರಿಯ ಮೇಲ್ವಿಚಾರಣೆ ಲಂಡನ್‌ನಿಂದ ನಡೆಯುವುದರಿಂದ ನನಗೆ ಅನುಕೂಲವಾಯಿತು. ಕಚೇರಿ ಮುಗಿಸಿ ಬೆಂಗಳೂರಿನ ಸಂಚಾರ ದಾಟಿ ಮನೆ ಸೇರಿದ ಮೇಲೆ ಓದು ತಲೆಗೆ ಹತ್ತುವುದಿಲ್ಲ. ಬೆಳಗಿನ ಐದರಿಂದ ಏಳರವರೆಗಿನ ಹೊತ್ತನ್ನು ಯಾರಿಗೂ ಬಿಟ್ಟುಕೊಡದೆ ಇಟ್ಟುಕೊಂಡಿದ್ದೇನೆ.

ಸ್ವಿಂಡನ್‌ನಿಂದ, ಹೆಂಡತಿಯ ಓದಿಗೆ ಜತೆಯಾದವರು

ಹಣದ ಮಾತನ್ನು ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. 2021ರಲ್ಲಿ ಎರಡೂ ಹಂತ ಸೇರಿ 3,980 ಪೌಂಡ್ ಇದ್ದ ಪರೀಕ್ಷಾ ಶುಲ್ಕ 2024ರ ಸೆಪ್ಟೆಂಬರ್‌ನಿಂದ 4,790 ಪೌಂಡ್ ಆಯಿತು, ಆಮೇಲೂ ಏರಿದೆ. ಇದು ಪರೀಕ್ಷೆಗೆ ಮಾತ್ರ, ತರಬೇತಿಯ ಶುಲ್ಕ ಬೇರೆ. ತರಬೇತಿಗೆ ಸೇರಲೇಬೇಕೆಂಬ ನಿಯಮವಿಲ್ಲ. ಆದರೆ ಮೊದಲ ಹಂತದಲ್ಲಿ ಉತ್ತೀರ್ಣರಾಗುವವರು ಸುಮಾರು ಅರ್ಧದಷ್ಟು ಜನ. 2024ರ ಜನವರಿಯಲ್ಲಿ ಶೇಕಡಾ 56, ಜುಲೈನಲ್ಲಿ ಶೇಕಡಾ 44. ಒಂದೊಂದು ಹಂತಕ್ಕೂ ಮೂರೇ ಅವಕಾಶ, ಎಲ್ಲವನ್ನೂ ಆರು ವರ್ಷದೊಳಗೆ ಮುಗಿಸಬೇಕು. ಅದಕ್ಕೇ ನಾವು ಉಳಿಸಿದ ಹಣವನ್ನು ದೊಡ್ಡ ಕೋರ್ಸಿಗೆ ಸುರಿಯದೆ, ಒಳ್ಳೆಯ ಪ್ರಶ್ನೆ ಸಂಗ್ರಹಕ್ಕೂ ಕಡೆಯ ತಿಂಗಳಲ್ಲಿ ಮಗುವನ್ನು ನೋಡಿಕೊಳ್ಳುವ ಏರ್ಪಾಟಿಗೂ ಹಾಕಿದೆವು. ಅದು ಸರಿಯಾದ ನಿರ್ಧಾರ ಎಂದೇ ಇಂದಿಗೂ ನಂಬಿದ್ದೇನೆ.

ಮನೆಯ ಗಂಡಸರಿಗೆ ಬಿಡಿಸಿ ಹೇಳುತ್ತೇನೆ. "ನೀನು ಓದಿಕೋ" ಎಂದು ಹೇಳಿ ಟಿವಿ ಮುಂದೆ ಕೂತರೆ ಸಹಾಯವಾಗುವುದಿಲ್ಲ. ಸಂಜೆಯ ಅಡುಗೆ, ಮಗುವಿನ ಸ್ನಾನ, ಶನಿವಾರದ ಈಜು ತರಗತಿ, ಇವನ್ನು ಹೇಳಿಸಿಕೊಳ್ಳದೆ ಮಾಡಬೇಕು. ಶನಿವಾರ ಇಡೀ ಬೆಳಗು ಅವಳು ಗ್ರಂಥಾಲಯದಲ್ಲಿ ಇರುತ್ತಿದ್ದಳು, ಫೋನ್ ಮನೆಯಲ್ಲಿ ಬಿಟ್ಟು.

ಕೇಳಿದವರು, ರೀಡಿಂಗ್‌ನಿಂದ

ಎಲ್ಲರಿಗೂ ಮನಸಾರೆ ವಂದನೆಗಳು. ಸನ್ನದಿನ ಬಗ್ಗೆ ಪರಿಷತ್ತಿಗೆ ಪತ್ರ ಬರೆಯಲು ಅಣ್ಣನಿಗೆ ಹೇಳಿದ್ದೇನೆ. ಇನ್ನೊಂದು ಅಳುಕಿದೆ. ಎರಡನೆಯ ಹಂತದ ಮೌಖಿಕದಲ್ಲಿ ನನ್ನ ಇಂಗ್ಲಿಷ್ ಉಚ್ಚಾರಣೆ ಅಡ್ಡಿಯಾಗಬಹುದೇ?

ಲಂಡನ್‌ನಿಂದ, ಧಾರವಾಡದವರು

ಉಚ್ಚಾರಣೆಗೆ ಅಂಕವಿಲ್ಲ ತಂಗಿ. ಕಕ್ಷಿದಾರರಿಗೆ ತಿಳಿಯುವಂತೆ ಮಾತನಾಡಿದಿರಾ, ಹೇಳಿದ ಕಾನೂನು ಸರಿಯೇ, ಅವರ ನಿಜವಾದ ಚಿಂತೆ ಏನೆಂದು ಕೇಳಿ ತಿಳಿದಿರಾ ಎಂದು ನೋಡುತ್ತಾರೆ. ಎರಡನೆಯ ಹಂತದಲ್ಲಿ ಒಟ್ಟು 16 ಕಾರ್ಯಗಳಿವೆ, 12 ಲಿಖಿತ, 4 ಮೌಖಿಕ. ಮೌಖಿಕದಲ್ಲಿ ಎರಡು ಕಕ್ಷಿದಾರರ ಸಂದರ್ಶನ, ಎರಡು ನ್ಯಾಯಾಧೀಶರ ಮುಂದಿನ ವಾದ. ಸಂದರ್ಶನಕ್ಕೆ 10 ನಿಮಿಷ ತಯಾರಿ, 25 ನಿಮಿಷ ಮಾತು, ಬಳಿಕ 25 ನಿಮಿಷದಲ್ಲಿ ಕೈಬರಹದ ಟಿಪ್ಪಣಿ. ವಾದಕ್ಕೆ 45 ನಿಮಿಷ ತಯಾರಿ, 15 ನಿಮಿಷ ಮಾತು. ನಮ್ಮಲ್ಲಿ ಹಿರಿಯ ವಕೀಲರು ಕಕ್ಷಿದಾರರನ್ನು ಅರ್ಧದಲ್ಲಿ ತಡೆದು "ಅದೆಲ್ಲ ಬಿಡಿ, ಕಾಗದ ಕೊಡಿ" ಎನ್ನುವುದನ್ನು ನೋಡಿ ಬೆಳೆದಿದ್ದೇವೆ. ಇಲ್ಲಿ ಆ ಅಭ್ಯಾಸ ಅಂಕ ತಿನ್ನುತ್ತದೆ. ಮೊದಲ ಹತ್ತು ನಿಮಿಷ ಅವರೇ ಮಾತನಾಡಲಿ, ನೀವು ಬರೆದುಕೊಳ್ಳಿ. ಯಜಮಾನರನ್ನೋ ಗೆಳತಿಯನ್ನೋ ಎದುರು ಕೂರಿಸಿಕೊಂಡು, ತೀರಿಹೋದ ತಾಯಿಯ ಉಯಿಲಿನ ಬಗ್ಗೆ ಕೇಳಲು ಬಂದ ಮಗಳಂತೆ ಮಾತನಾಡಿಸಿ. ಗಡಿಯಾರ ಇಟ್ಟೇ ಅಭ್ಯಾಸ ಮಾಡಿ.

ಕೇಂದ್ರಗಳು ಕಡಿಮೆ: ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಕಾರ್ಡಿಫ್‌ನಂಥ ನಗರಗಳಲ್ಲಿ ಮಾತ್ರ. ಬುಕಿಂಗ್ ತೆರೆದ ದಿನವೇ ಕಾಯ್ದಿರಿಸಿ. ರೀಡಿಂಗ್‌ನಿಂದ ಲಂಡನ್ ಹತ್ತಿರವೇ ಆದರೂ ಬೆಳಗಿನ ರೈಲನ್ನು ನಂಬಿಕೊಳ್ಳಬೇಡಿ, ಹಿಂದಿನ ಸಂಜೆಯೇ ಬಂದುಬಿಡಿ. ಲಂಡನ್ ಕೇಂದ್ರ ಸಿಕ್ಕರೆ ಹೋಟೆಲ್ ಹುಡುಕಬೇಡಿ, ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ.