ಟ್ಯಾಂಕಿನ ಮೇಲೆ ಸಳನನ್ನು ಕೂರಿಸುವುದು ಹೇಗೆ?

ಪ್ರಶ್ನೆ (ಬೇಲೂರಿನಿಂದ): ಅಣ್ಣ, ನನ್ನದು ಹಳೆಯ ಥಂಡರ್‌ಬರ್ಡ್ ಬೈಕು. ಅದರ ಕಪ್ಪು ಪೆಟ್ರೋಲ್ ಟ್ಯಾಂಕಿಗೆ ಕಡುಗೆಂಪು ಬಣ್ಣ ಹೊಡೆಸಿ, ಎರಡೂ ಬದಿಗೆ ಸಳ ಸಿಂಹದೊಡನೆ ಕಾದಾಡುವ ಹೊಯ್ಸಳ ಲಾಂಛನ ಹಾಕಿಸುವ ಆಸೆ. ಸ್ಟಿಕ್ಕರ್ ಬೇಡ. ಹಿತ್ತಾಳೆಯ ತಗಡು ಕೂರಿಸಿ ಸ್ಕ್ರೂ ಹಾಕಿಸಲೇ, ಕೈಯಲ್ಲಿ ಬರೆಸಲೇ? ಮಳೆಗಾಲದಲ್ಲಿ ಮಾಡಿಸಬಹುದೇ?

ಉತ್ತರ (ಹಾಸನದ ಪೇಂಟರ್): ಸ್ಕ್ರೂ ಬೇಡವೇ ಬೇಡ. ಟ್ಯಾಂಕಿಗೆ ಡ್ರಿಲ್ ತಾಗಿಸಲು ಯಾರಿಗೂ ಬಿಡಬೇಡಿ. ಪೆಟ್ರೋಲ್ ಸುರಿದು ಖಾಲಿ ಮಾಡಿದರೂ ಒಳಗೆ ಆವಿ ಉಳಿದಿರುತ್ತದೆ, ಒಂದು ಕಿಡಿ ಸಾಕು. ಹಿತ್ತಾಳೆಯೇ ಬೇಕೆಂದರೆ ತೆಳು ತಗಡನ್ನು ಟ್ಯಾಂಕಿನ ಉಬ್ಬಿಗೆ ಸರಿಯಾಗಿ ಬಾಗಿಸಿ, ವಾಹನಗಳಿಗೆಂದೇ ಬರುವ ಎರಡು ಬದಿ ಅಂಟಿನ ಟೇಪಿನಲ್ಲಿ ಕೂರಿಸಬೇಕು.

ನನ್ನನ್ನು ಕೇಳಿದರೆ ಕೈಯಲ್ಲೇ ಬರೆಸಿ. ಬುಲೆಟ್ ಟ್ಯಾಂಕಿನ ಚಿನ್ನದ ಗೆರೆಗಳನ್ನು ಚೆನ್ನೈನ ಕಾರ್ಖಾನೆಯಲ್ಲಿ ಕುಂಚದಿಂದಲೇ ಎಳೆಯುತ್ತಾ ಬಂದಿದ್ದಾರೆ. ಆ ಗೆರೆಗಿರುವ ಜೀವ ಸ್ಟಿಕ್ಕರಿಗೆ ಬರುವುದಿಲ್ಲ. ಆದರೆ ಒಂದು ಮಾತು. ನಿಮ್ಮೂರಿನ ಗುಡಿಯ ಬಾಗಿಲಲ್ಲಿರುವ ಸಳನನ್ನು ಇದ್ದ ಹಾಗೆಯೇ ಇಳಿಸಲು ಹೋಗಬೇಡಿ. ಬಳಪದ ಕಲ್ಲಿನಲ್ಲಿ ಸಿಂಹದ ಕೇಸರದ ಒಂದೊಂದು ಸುರುಳಿಯೂ ಕಾಣುತ್ತದೆ. ಅಂಗೈ ಅಗಲದ ಜಾಗದಲ್ಲಿ ಅದೆಲ್ಲ ಕಲಸಿಹೋಗುತ್ತದೆ. ಸಿಂಹದ ತೆರೆದ ಬಾಯಿ, ಸಳನ ಚಾಚಿದ ಕೈ, ಇಬ್ಬರ ಮೈಯ ಬಾಗು, ಇಷ್ಟು ಉಳಿದರೆ ಹತ್ತು ಹೆಜ್ಜೆ ದೂರದಿಂದಲೂ ಗುರುತು ಸಿಗುತ್ತದೆ. ಒಂದು ಬದಿಯ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಸಿ. ಇಲ್ಲವಾದರೆ ಒಂದು ಸಿಂಹ ಹ್ಯಾಂಡಲ್ ಕಡೆಗೂ ಇನ್ನೊಂದು ಸೀಟಿನ ಕಡೆಗೂ ನೋಡುತ್ತದೆ.

ಬರೆದ ಮೇಲೆ ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ ಹೊಡೆಸಿ. ಅಗ್ಗದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಆದರೆ ಮುಚ್ಚಳದ ಸುತ್ತ ಪೆಟ್ರೋಲ್ ಚೆಲ್ಲಿದಾಗ ಮೆತ್ತಗಾಗಿ ಎದ್ದು ಬರುತ್ತದೆ. ಮಳೆಗಾಲದಲ್ಲಿ ನಾನಂತೂ ಹೊಡೆಯುವುದಿಲ್ಲ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಬಣ್ಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ. ದೀಪಾವಳಿ ಕಳೆಯಲಿ.

ಆರ್‌ಸಿಯಲ್ಲಿ ಕಪ್ಪು ಎಂದಿದ್ದರೆ, ಕೆಂಪು ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ಸರ್, ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಬೈಕ್ ಟ್ಯಾಂಕಿಗೆ ಬಣ್ಣ ಮಾಡಿಸಿದೆ. ಈಗ ಅದರ ಮೇಲೆ ಅಂಟಿಸಿದ ಲಾಂಛನದ ಅಂಚಿನಲ್ಲಿ ಕಡಲೆ ಗಾತ್ರದ ಗುಳ್ಳೆಗಳೆದ್ದಿವೆ. ಉಗುರಿನಿಂದ ಒತ್ತಿದರೆ ಕಂದು ನೀರು ಬಂತು. ಮೇಲೆ ಟಚಪ್ ಸಾಕೇ?

ಉತ್ತರ: ಸಾಲದು. ತುಕ್ಕನ್ನು ಪೂರ್ತಿ ತೆಗೆಯದೆ ಪುಟ್ಟಿ ಮೆತ್ತಿದ್ದಾರೆ, ಲಾಂಛನದ ಸಂದಿಯಲ್ಲಿ ನಿಂತ ಮಳೆನೀರು ಉಳಿದ ಕೆಲಸ ಮಾಡಿದೆ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಮೀನಿನ ಗಾಳದ ದಾರವನ್ನು ಹಿಂದಿನಿಂದ ಎಳೆದಾಡಿದರೆ ಲಾಂಛನ ಮುರಿಯದೆ ಬರುತ್ತದೆ. ಡ್ರೈಯರ್ ಹಿಡಿಯುವ ಮೊದಲು ಟ್ಯಾಂಕನ್ನು ಬೈಕಿನಿಂದ ಇಳಿಸಿ, ಖಾಲಿ ಮಾಡಿ, ತೊಳೆದು, ಬಯಲಲ್ಲಿ ಒಣಗಿಸಿರಬೇಕು. ಆಮೇಲೆ ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿಸಿ, ಅದೇ ದಿನ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲಿನ ಲೇಪ) ಹೊಡೆಸಿ. ರಾತ್ರಿ ಹಾಗೇ ಬಿಟ್ಟರೆ ನಿಮ್ಮೂರಿನ ಮಂಜಿಗೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪೇರಿರುತ್ತದೆ.

ಗುಳ್ಳೆ ಒಡೆದ ಜಾಗವನ್ನು ಇವತ್ತೇ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಟ್ಯಾಂಕ್ ಒಳಗಿನಿಂದಲೇ ತೂತಾಗಿದೆ. ಆಗ ಗಾಡಿ ಸ್ಟಾರ್ಟ್ ಮಾಡಬೇಡಿ, ಟ್ಯಾಂಕ್ ಬಿಚ್ಚಿ ಕಳಿಸಿ.