ಸಮಾಜಶಾಸ್ತ್ರಕ್ಕೂ ಮುಕ್ತ ಮಾರುಕಟ್ಟೆಗೂ ಹಳೇ ನೆಂಟಸ್ತಿಕೆ ಇತ್ತಾ?

ಗಂಜ್ ಹುಡುಗ, ಕಲಬುರಗಿ:
ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಸಂಜೆ ನೆಹರು ಗಂಜ್‌ನಲ್ಲಿ ಕಾಕಾ ಅವರ ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುತ್ತೇನೆ. ನಮ್ಮ ಕ್ಲಾಸಿನಲ್ಲಿ ಮಾರುಕಟ್ಟೆ ಅಂದರೆ ಬೈಗುಳವೇ ಜಾಸ್ತಿ. ಆದರೆ ಹರ್ಬರ್ಟ್ ಸ್ಪೆನ್ಸರ್ 1884ರಲ್ಲೇ ಸರ್ಕಾರ ಜನರ ವ್ಯವಹಾರದಲ್ಲಿ ಕೈ ಹಾಕಬಾರದು ಅಂತ ಪುಸ್ತಕ ಬರೆದಿದ್ದಾರೆ. ಅವರೂ ಸಮಾಜಶಾಸ್ತ್ರದವರೇ ಅಲ್ವಾ? ಮತ್ತೆ ಜಗಳ ಎಲ್ಲಿ ಶುರುವಾಯಿತು?

ನಿವೃತ್ತ ಮೇಷ್ಟ್ರು, ಬೀದರ್:
ನೆಂಟಸ್ತಿಕೆ ಸ್ಪೆನ್ಸರ್‌ಗಿಂತ ಹಳೆಯದು ತಮ್ಮಾ. 1767ರಲ್ಲಿ ಸ್ಕಾಟ್ಲೆಂಡಿನ ಚಿಂತಕ ಆಡಂ ಫರ್ಗ್ಯುಸನ್ ಒಂದು ಮಾತು ಬರೆದರು: ಸಮಾಜದ ಎಷ್ಟೋ ವ್ಯವಸ್ಥೆಗಳು ಜನ ಮಾಡಿದ ಕೆಲಸದಿಂದ ಹುಟ್ಟಿವೆ, ಯಾರೂ ಕೂತು ಯೋಜನೆ ಹಾಕಿದ್ದಲ್ಲ. ಅರ್ಥಶಾಸ್ತ್ರಜ್ಞ ಹಯೆಕ್ ಇದನ್ನೇ ಹಿಡಿದು, ಕಾರಣ ಗೊತ್ತಿಲ್ಲದವರಿಗೂ ಬೆಲೆಯೇ ಸುದ್ದಿ ಮುಟ್ಟಿಸುತ್ತೆ ಅಂತ ಬರೆದರು.

ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಕಥೆ ಇನ್ನೂ ಚೆಂದ. 1918ರಲ್ಲಿ ವಿಯೆನ್ನಾದಲ್ಲಿ ಪಾಠ ಮಾಡುವಾಗ ಅವರಿಗೆ ಅರ್ಥಶಾಸ್ತ್ರಜ್ಞ ಮೀಸೆಸ್ ಪರಿಚಯವಾಯಿತು. ಮಾರುಕಟ್ಟೆಯ ಬೆಲೆ ಇಲ್ಲದಿದ್ದರೆ ಸಮಾಜವಾದದಲ್ಲಿ ಲೆಕ್ಕ ಹಾಕೋಕೆ ಆಗಲ್ಲ ಅಂತ ಮೀಸೆಸ್ 1920ರಲ್ಲಿ ಲೇಖನ ಬರೆದರು. ವೆಬರ್ ಬೇರೆ ದಾರಿಯಿಂದ ಹೆಚ್ಚುಕಡಿಮೆ ಅದೇ ಮಾತಿಗೆ ಬಂದಿದ್ದರು. ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು.

ಜಗಳ ತೆಗೆದವರು ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಖೈಮ್, 1893ರಲ್ಲಿ, ಸಮಾಜದಲ್ಲಿ ಶ್ರಮ ವಿಭಜನೆ ಕುರಿತ ಪುಸ್ತಕದಲ್ಲಿ. ಬರೀ ಒಪ್ಪಂದಗಳಿಂದ ಸಮಾಜ ನಿಲ್ಲುತ್ತೆ ಅನ್ನೋದು ಸ್ಪೆನ್ಸರ್ ವಾದ. ಆ ಒಪ್ಪಂದಕ್ಕೆ ಬಲ ಬರೋದೇ ಒಪ್ಪಂದ ಮಾಡಿಕೊಂಡ ಇಬ್ಬರೂ ಬರೆಯದ ನಿಯಮಗಳಿಂದ ಅಂತ ಡರ್ಖೈಮ್ ತಿರುಗಿ ಹೇಳಿದರು.

ಗಂಜ್ ಹುಡುಗ:
ಸರ್, ಇದು ನಮ್ಮ ಅಂಗಡಿಯಲ್ಲೇ ಇದೆ! ಬಿತ್ತನೆಗೆ ಮುಂಚೆ ರೈತರು ಬಂದು ಮುಂಗಡ ರೊಕ್ಕ ಒಯ್ಯುತ್ತಾರೆ. ಬಾಂಡ್ ಪೇಪರ್ ಇಲ್ಲ. ಕಾಕಾ ಕೆಂಪು ವಹಿಯಲ್ಲಿ ಹೆಸರು, ಊರು, ಮೊತ್ತ ಬರೆಯುತ್ತಾರೆ, ಅಷ್ಟೇ. ಡಿಸೆಂಬರ್ ಕಳೆದ ಮೇಲೆ ತೊಗರಿ ನಮ್ಮ ಅಂಗಡಿಗೇ ಬರುತ್ತದೆ. ಆದರೆ ರೇಟಿನ ವಿಷಯದಲ್ಲಿ ಹಯೆಕ್ ಸರಿ. ಮ್ಯಾನ್ಮಾರ್‌ದೋ ಮೊಜಾಂಬಿಕ್‌ದೋ ತೊಗರಿ ಬಂದರೆ ಇಲ್ಲಿ ರೇಟ್ ಇಳಿಯುತ್ತೆ. ಆ ದೇಶ ಎಲ್ಲಿದೆ ಅಂತ ಹಮಾಲರಿಗೆ ಗೊತ್ತಿರಬೇಕಿಲ್ಲ.

ತೊಗರಿ ಬೆಳೆಗಾರ, ಯಾದಗಿರಿ:
ಅಂಗಡಿ ಕಡೆಯಿಂದ ನೋಡಿದರೆ ಅದು ನಂಬಿಕೆ. ನಮ್ಮ ಕಡೆಯಿಂದ ನೋಡಿ ಅಣ್ಣಾ. ಮುಂಗಡ ತಗೊಂಡ ಮೇಲೆ ಪಕ್ಕದ ಅಂಗಡಿಯಲ್ಲಿ ನೂರು ರೂಪಾಯಿ ಜಾಸ್ತಿ ಇದ್ದರೂ ಹೋಗೋಕೆ ಮುಖ ಇರಲ್ಲ. ಇದು ಯಾವ ಮುಕ್ತ ಮಾರುಕಟ್ಟೆ? ಮತ್ತೆ ಹೊರದೇಶದ ತೊಗರಿ ಬರೋದು, ನಿಲ್ಲೋದು ದಿಲ್ಲಿಯ ಆದೇಶದಿಂದ. ಬೆಂಬಲ ಬೆಲೆಯೂ ಅಲ್ಲಿಂದಲೇ. ಹಯೆಕ್ ಅವರನ್ನು ಗಂಜ್‌ಗೆ ಸುಮ್ನೆ ಎಳೆದು ತರಬೇಡಿ.

ಗಂಜ್ ಹುಡುಗ:
ಮುಖ ಇರಲ್ಲ ಅಂದಿರಲ್ಲ, ಡರ್ಖೈಮ್ ಹೇಳಿದ ನಿಯಮ ಅದೇ ಅನ್ನಿಸುತ್ತೆ. ಸೆಮಿನಾರ್‌ಗೆ ಇದನ್ನೇ ಹಿಡಿಯುತ್ತೇನೆ. ಮೇಷ್ಟ್ರೇ, ಡರ್ಖೈಮ್ ಪುಸ್ತಕದ ಯಾವ ಅಧ್ಯಾಯ?

ನಿವೃತ್ತ ಮೇಷ್ಟ್ರು:
ಮೊದಲ ಭಾಗ, ಏಳನೆಯದು. ಯಾದಗಿರಿಯವರ ಪ್ರಶ್ನೆಯನ್ನೂ ಸೇರಿಸು, ಸೆಮಿನಾರ್‌ನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ.