ಹಳೇ ಗಾರೆ ಮನೆ: ಕೆಡವೋದಾ, ಉಳಿಸೋದಾ?

ಕೇಳಿದ್ದು: ಮೈಸೂರಿನ ಅಗ್ರಹಾರದಲ್ಲಿ ತಾತನ ಕಾಲದ ಮನೆ ಇದೆ. ಇಟ್ಟಿಗೆ-ಗಾರೆ ಗೋಡೆ, ಮದ್ರಾಸ್ ತಾರಸಿ (ಮರದ ತೊಲೆ-ಜಂತೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ). ಮಳೆ ಬಂದರೆ ಸೋರುತ್ತದೆ, ಹಜಾರದ ಗೋಡೆ ಬಿರುಕು ಬಿಟ್ಟಿದೆ. ನೋಡಿದ ಇಂಜಿನಿಯರ್ ‘ಕೆಡವಿಬಿಡಿ’ ಅಂದರು. ಅನುಭವ ಇರುವವರು ಹೇಳಿ.

ಕೃಷ್ಣಮೂರ್ತಿಪುರಂನಿಂದ:
ಕೆಡವುವ ಮಾತು ಆಮೇಲೆ ಸಾರ್. ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ನೋಡಿ. ನಮ್ಮಲ್ಲಿ ತಾರಸಿಯ ನೀರು ಹೋಗುವ ಕೊಳವೆಗೆ ಕಸ ಕಟ್ಟಿಕೊಂಡಿತ್ತು, ಅದರ ಪಕ್ಕದಲ್ಲೇ ಅರಳಿ ಸಸಿ. ಸಸಿಯನ್ನು ಸುಮ್ನೆ ಎಳೆದು ಕೀಳಬೇಡಿ, ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಕತ್ತರಿಸಿ, ಬೇರು ಸಾಯಿಸಿ, ಆಮೇಲೆ ಸುಣ್ಣದ ಗಾರೆ ತುಂಬಿಸಿ.

ತೊಲೆ, ಜಂತೆಗಳು ನಡುಭಾಗದಲ್ಲಿ ಗಟ್ಟಿಯಾಗೇ ಕಾಣುತ್ತವೆ. ಗೋಡೆಯೊಳಗೆ ಕೂತ ತುದಿ ಮೊದಲು ಕೊಳೆಯುವುದು. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಆ ತುದಿಗೆ ಬಲ ಇಲ್ಲ. ಆದರೂ ಇಡೀ ತೊಲೆ ಎಸೆಯಬೇಕಿಲ್ಲ, ಕೆಟ್ಟ ಭಾಗ ಕೊಯ್ದು ಹೊಸ ಮರ ಜೋಡಿಸುವ ಬಡಗಿಗಳು ಇದ್ದಾರೆ.

ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಜರುಗುತ್ತಿದೆ. ಮಳೆಗಾಲ, ಬೇಸಿಗೆ ಎರಡೂ ಕಳೆದರೂ ಹಾಗೇ ಇದ್ದರೆ ಅದು ಹಳೇ ಬಿರುಕು, ಅಷ್ಟು ಗಾಬರಿ ಬೇಡ.

ಮಂಡ್ಯದಿಂದ:
ಸಿಮೆಂಟ್ ಮಾತ್ರ ಬಳಿಸಬೇಡಿ. ನಮ್ಮ ದೊಡ್ಡಪ್ಪನ ಮನೆಗೆ ಮೇಸ್ತ್ರಿಯೊಬ್ಬರು ನೀಟಾಗಿ ಬಳಿದು ಹೋದರು. ಗೋಡೆಯ ತೇವ ಹೊರಗೆ ಬರಲು ದಾರಿ ಇಲ್ಲದೆ ಉಪ್ಪು ಕಟ್ಟಿ, ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದಿತು. ಒಳಗಿನ ಇಟ್ಟಿಗೆ ಪುಡಿಪುಡಿ. ಸುಣ್ಣ ನೆನೆಸಿ, ಸುರ್ಕಿ (ಇಟ್ಟಿಗೆ ಪುಡಿ) ಬೆರೆಸಿ ಮಾಡಿಸಿ. ಸಮಯ ಜಾಸ್ತಿ ಹಿಡಿಯುತ್ತದೆ, ಕೆಲಸ ಗೊತ್ತಿರುವವರೂ ಕಡಿಮೆ. ಕೂಲಿ ದುಬಾರಿ ಅನ್ನಿಸಿದರೂ ಅದೇ ಸರಿ.

ಇನ್ನೊಬ್ಬರು, ಮೈಸೂರು:
ಎಲ್ಲರೂ ಉಳಿಸಿ ಅಂತೀರಿ, ಸಂತೋಷ. ಆದರೆ 2012ರ ಆಗಸ್ಟ್‌ನಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಇಲ್ಲಿನದೇ ಹಳೇ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆ ಒಂದು ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗ. ಎರಡೂ ಮಳೆಗಾಲವೇ, ಅಲ್ವಾ? ಗಾಜು ಅಂಟಿಸಿ ಕಾಯುವುದು ಸರಿ, ಆದರೆ ಬಿರುಕಿನ ಕೆಳಗೆ ಮಲಗಬೇಡಿ. ತೊಲೆಗೆ ಇವತ್ತೇ ಆಸರೆ ಕಂಬ ಕೊಡಿ. ತಾರಸಿ ಮೇಲೆ ನೀರಿನ ಟ್ಯಾಂಕ್ ಇದ್ದರೆ ಇಳಿಸಿ. ಹಳೇ ಕಟ್ಟಡಗಳಲ್ಲಿ ಕೆಲಸ ಮಾಡಿದ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಇನ್ನೊಮ್ಮೆ ತೋರಿಸಿ. ಮನೆ ಪಾರಂಪರಿಕ ಪಟ್ಟಿಯಲ್ಲಿದೆಯಾ ಅಂತಲೂ ವಿಚಾರಿಸಿ. ಇದ್ದರೆ ಅನುಮತಿ ಇಲ್ಲದೆ ಕೈ ಹಾಕುವ ಹಾಗಿಲ್ಲ.

ಅಂದ ಹಾಗೆ, ಬಿರುಕು ನೆಟ್ಟಗಿದೆಯಾ, ಮೆಟ್ಟಿಲಿನ ಹಾಗೆ ಓರೆಯಾಗಿದೆಯಾ? ಓರೆಯಾಗಿದ್ದರೆ ಪಾಯ ಕುಸಿದಿರಬಹುದು. ಫೋಟೊ ಹಾಕಿ.